ಕಾರಿಗೆ ಕಟ್ಟಿದ ಕೂಸಿನ ಬಟ್ಟೆ

ಜಿರಾಫೆಯ ಕತ್ತು ಬಾಗತೊಡಗಿದ್ದು ಮೂರನೇ ಸಿಗ್ನಲ್ಲಿನಲ್ಲಿ. ಸೊಸೆ ಕನ್ನಡಿಯಲ್ಲಿ ಹಿಂದಿನ ಸೀಟಿನತ್ತ ನೋಡಿದಾಗ ಅದು ಸ್ವಲ್ಪ ನಾಚಿಕೊಂಡಂತೆ ಕಂಡಿತು, ಅಷ್ಟೆ. ಐದನೇ ಸಿಗ್ನಲ್ಲಿಗೆ ಬರುವಷ್ಟರಲ್ಲಿ ಪೂರ್ತಿ ತಲೆ ತಗ್ಗಿಸಿತ್ತು. ಹಲ್ಲಿನ ಡಾಕ್ಟರ ಮನೆ ಮುಂದೆ ಕಾರು ನಿಲ್ಲಿಸಿ ಪಾರದರ್ಶಕ ಡಬ್ಬದ ಮುಚ್ಚಳ ತೆಗೆದರೆ, ಎರಡು ದಿನ ಕೂತು ಮಾಡಿದ ಕೇಕಿನ ಜಿರಾಫೆ ತನ್ನ ಪಾದದ ಮೇಲೆ ತಾನೇ ತಲೆಯಿಟ್ಟು ಮಲಗಿಬಿಟ್ಟಿತ್ತು. ಕ್ರೀಮ್ ಕರಗಿ ಮೈಮೇಲಿನ ಚುಕ್ಕೆಗಳೆಲ್ಲ ಒಂದರೊಳಗೊಂದು ಸೇರಿಕೊಂಡಿದ್ದವು.

"ಜಿರಾಫೆ ನಿದ್ದೆ ಮಾಡ್ತಿದೆ!" ಎಂದು ಹುಟ್ಟುಹಬ್ಬದ ಮಗು ಕುಣಿದಾಡಿತು. ಡಾಕ್ಟರಮ್ಮ ಮಾತ್ರ ಕುಣಿಯಲಿಲ್ಲ. ಸೊಸೆ ಅರ್ಧ ದುಡ್ಡು ಬಿಟ್ಟುಕೊಟ್ಟು, ಕ್ಷಮೆ ಕೇಳಿ, ಬಿಸಿಗಾಳಿ ಊದುತ್ತಿದ್ದ ಕಾರಿನಲ್ಲಿ ಗ್ಯಾರೇಜಿಗೆ ಹೋದಳು. ದಾರಿಯುದ್ದಕ್ಕೂ ಅಳು ಬರುತ್ತಿತ್ತು, ಆದರೆ ಆ ಮಗುವಿನ ಮಾತು ನೆನಪಾಗಿ ನಗುವೂ ಬರುತ್ತಿತ್ತು. ಕೊನೆಗೆ ಎರಡೂ ಒಟ್ಟಿಗೇ ಬಂದು ಬೆವರಿನ ಜೊತೆ ಬೆರೆತುಹೋದವು.

ಆ ಮನೆಯಲ್ಲಿ ಇದ್ದದ್ದು ಒಂದು ಕಾರು, ಎರಡು ಕಸುಬು. ಅಡುಗೆಮನೆ ಸೊಸೆಯದು. ಅಲ್ಲಿ ಓವನ್ನು, ಸಕ್ಕರೆ ಮೂಟೆ, ಕೇಕಿನ ತಟ್ಟೆಗಳು. ಹಿತ್ತಿಲು ಅತ್ತೆಯದು. ಅಲ್ಲಿ ಬಟ್ಟೆ ಒಗೆಯುವ ಕಲ್ಲು, ಎರಡು ದೊಡ್ಡ ಮಷೀನು, ಹನ್ನೆರಡು ಸಾಲು ಹಗ್ಗ. ಹೋಟೆಲುಗಳ ಹಾಸಿಗೆ ಬಟ್ಟೆ, ಕ್ಲಿನಿಕ್ಕುಗಳ ಕೋಟು ಎಲ್ಲ ಅವರ ಕೈಯಲ್ಲೇ ಬೆಳ್ಳಗಾಗಿ ಹೋಗಬೇಕು. ಅವರು ಒಗೆದು ಹರವಿದ ಬಟ್ಟೆ ಬೀದಿಯ ಆ ತುದಿಯಿಂದಲೂ ಕಣ್ಣು ಕುಕ್ಕುತ್ತಿತ್ತು. ಬೆಳಿಗ್ಗೆ ಕಾರಿನಲ್ಲಿ ಬಟ್ಟೆ ಗಂಟು ಹೋದರೆ ಮಧ್ಯಾಹ್ನದ ಮೇಲೆ ಕೇಕು. ಎರಡಕ್ಕೂ ಚಾಲಕಿ ಸೊಸೆಯೇ. ನಡುವಿನ ಕೋಣೆಯಲ್ಲಿ ಅತ್ತೆಯ ಮಗ, ಸ್ಕೂಲಿನಲ್ಲಿ ಲೆಕ್ಕ ಹೇಳಿಕೊಡುವ ಮೇಷ್ಟ್ರು, ತಮ್ಮ ಪುಸ್ತಕಗಳ ಜೊತೆ ಇದ್ದರು. ಮನೆಯಲ್ಲೂ ಎಲ್ಲರ ಬಾಯಲ್ಲಿ ಅವರು ಮೇಷ್ಟ್ರೇ. ಉಳಿದದ್ದು ಹತ್ತು ವರ್ಷದ ಮಗಳು. ಅವಳ ಬಾಯಿ ಮುಚ್ಚಿದ್ದನ್ನು ಕಂಡವರಿಲ್ಲ, ಹಾಗಾಗಿ ಅವಳಿಗೆ ಚಿನಕುರುಳಿ ಎಂದೇ ಹೆಸರು ನಿಂತುಹೋಗಿತ್ತು.

ಸಂಜೆ ಊಟಕ್ಕೆ ಸೊಪ್ಪಿನ ಸೂಪು, ಬೇಯಿಸಿದ ಆಲೂಗಡ್ಡೆ. ಸೊಸೆ ತಟ್ಟೆಯ ಮುಂದೆಯೇ ವರದಿ ಒಪ್ಪಿಸಿದಳು.

"ಎಸಿ ಗ್ಯಾಸ್ ಖಾಲಿಯಾಗಿದೆ ಅಂದ ಮೆಕ್ಯಾನಿಕ್. ತುಂಬಿಸಿದ್ದಾನೆ. ಆದ್ರೆ ಎಲ್ಲೋ ಸೋರ್ತಿದೆಯಂತೆ. ಐದು ದಿನ, ತಪ್ಪಿದ್ರೆ ಆರು ದಿನ ತಂಪು ಬರತ್ತೆ. ಆಮೇಲೆ ಮತ್ತೆ ಇದೇ ಹಾಡು."

"ಎಲ್ಲಿ ಸೋರ್ತಿದೆ ಅಂತ ಅವನಿಗೆ ಹುಡುಕೋಕೆ ಆಗಲ್ವಾ?" ಎಂದರು ಮೇಷ್ಟ್ರು.

"ಡ್ಯಾಶ್‌ಬೋರ್ಡ್ ಪೂರ್ತಿ ಬಿಚ್ಚಬೇಕಾಗಬಹುದು ಅಂದ. ಗಾಡಿ ಅಲ್ಲೇ ಬಿಡಬೇಕು. ಹದಿನಾಲ್ಕು ಗಾಡಿ ಸಾಲಲ್ಲಿ ನಿಂತಿವೆ, ನಮ್ಮ ಸರದಿ ಬಂದು ಮುಗಿಯೋಕೆ ಎರಡು ವಾರ ಹಿಡಿಯತ್ತೆ."

"ಎರಡು ವಾರವಾ?" ಅತ್ತೆ ಚಮಚ ಕೆಳಗಿಟ್ಟರು. "ಅಷ್ಟು ದಿನ ಹೋಟೆಲಿನ ಗಂಟು ನಾನು ತಲೆ ಮೇಲೆ ಹೊರ್ಲಾ?"

"ನನ್ನ ಮದುವೆ ಕೇಕಿನ ಗತಿ ಏನು ಅತ್ತೆ? ಇನ್ನು ಮೂರು ವಾರ ಇದೆ, ಅಷ್ಟೇ."

ಇದು ಸಣ್ಣ ಮಾತಲ್ಲ. ಒಂದೂವರೆ ಗಂಟೆ ದಾರಿಯಾಚೆ, ಕೆರೆಯ ದಂಡೆಯ ಮೇಲೆ ಒಂದು ದೊಡ್ಡ ಸಭಾಂಗಣ. ಅಲ್ಲಿನ ಮ್ಯಾನೇಜರಮ್ಮ ಮೂರು ಅಂತಸ್ತಿನ ಕೇಕಿಗೆ ಹೇಳಿದ್ದರು. ಇದೊಂದು ಚೆನ್ನಾಗಿ ಬಂದರೆ ಈ ವರ್ಷ ಅಲ್ಲಿ ನಡೆಯುವ ಮದುವೆಗಳಿಗೆಲ್ಲ ನಿಮ್ಮದೇ ಕೇಕು ಅಂದಿದ್ದರು. ಬಾಡಿಗೆ ವ್ಯಾನಿನ ಮಾತು ಯಾರೂ ಎತ್ತಲಿಲ್ಲ. ಹೋದ ವರ್ಷ ಬಾಡಿಗೆ ಡ್ರೈವರು ಹಾಕಿದ ಒಂದು ಬ್ರೇಕಿಗೆ ಎರಡು ಅಂತಸ್ತಿನ ಕೇಕು ಒಂದೇ ಅಂತಸ್ತಾಗಿ ಇಳಿದಿತ್ತು.

"ಇದೂ ಕರಗಿದ್ರೆ ಸಾಕು," ಎಂದಳು ಸೊಸೆ. "ಓವನ್ ಮಾರಿ ಫ್ಯಾಕ್ಟರಿ ಕ್ಯಾಂಟೀನಿಗೆ ಸೇರ್ತೀನಿ. ಅರ್ಜಿ ತಂದಿಟ್ಟಿದ್ದೀನಿ. ಭಾನುವಾರ ಮದುವೆ, ಸೋಮವಾರ ಅರ್ಜಿಗೆ ಕೊನೇ ದಿನ."

"ಅದೇ ಒಳ್ಳೇದು," ಅತ್ತೆ ಥಟ್ಟನೆ ಅಂದರು. "ತಿಂಗಳಾದ್ರೆ ಸಂಬಳ. ಕರಗೋ ವಸ್ತು ಮಾಡಿ ಮಾರೋದು ಯಾವ ಸೀಮೆ ಕಸುಬು?"

"ಮತ್ತೆ ಕೊಳೆ ಆಗೋ ವಸ್ತು ತೊಳೆಯೋದು ಯಾವ ಸೀಮೆ ಕಸುಬು ಅಜ್ಜಿ?" ಎಂದಳು ಚಿನಕುರುಳಿ.

ಮೇಷ್ಟ್ರಿಗೆ ಸೂಪು ನೆತ್ತಿಗೇರಿತು. ಅತ್ತೆಯೂ ನಕ್ಕುಬಿಟ್ಟರು. ಸೊಸೆ ನಗಲಿಲ್ಲ. ಕೇಕು ಅವಳಿಗೆ ಬರೀ ಸಂಪಾದನೆಯಾಗಿರಲಿಲ್ಲ, ಅದು ಅವಳ ಪ್ರಾಣ. ಹಿಟ್ಟು, ಸಕ್ಕರೆ, ಮೊಟ್ಟೆಯಂಥ ದಿನಬಳಕೆಯ ವಸ್ತುಗಳಿಂದ ಮಂದಿ ಬಾಯಿ ತೆರೆದು ನೋಡುವಂಥದ್ದು ತನ್ನ ಕೈಯಿಂದ ಏಳುತ್ತದಲ್ಲ ಎಂಬ ಸಂತೋಷಕ್ಕೆ ಅವಳು ಬೆಲೆ ಕಟ್ಟಿರಲಿಲ್ಲ. ಕ್ಯಾಂಟೀನಿನಲ್ಲಿ ದಿನಕ್ಕೆ ನಾನೂರು ತಟ್ಟೆ ಬಡಿಸುವ ಯೋಚನೆ ಬಂದಾಗಲೆಲ್ಲ ಅವಳು ಹೋಗಿ ಓವನ್ ಒರೆಸಿ ಬರುತ್ತಿದ್ದಳು.

"ಸೋರೋ ಜಾಗ ನಾನು ಹುಡುಕ್ತೀನಿ," ಎಂದರು ಮೇಷ್ಟ್ರು.

ಮೂರು ಚಮಚಗಳು ಒಟ್ಟಿಗೇ ನಿಂತವು. ಮೇಷ್ಟ್ರ ರಿಪೇರಿ ಆ ಮನೆಯಲ್ಲಿ ಹೆಸರುವಾಸಿ. ಅವರು ಸರಿಮಾಡಿದ ಫ್ಯಾನು ಗಾಳಿಯನ್ನು ಸೂರಿಗೆ ಹಾಕುತ್ತಿತ್ತು. ಅವರು ಕೂರಿಸಿದ ಕಿಟಕಿಯ ಚಿಲಕ ಹೊರಗಿನಿಂದ ಹಾಕಿಕೊಳ್ಳುತ್ತಿತ್ತು.

"ಹಾಗೆ ನೋಡಬೇಡಿ. ಮೂರು ವಿಡಿಯೋ ನೋಡಿದ್ದೀನಿ," ಎಂದರು ಅವರು, ಕ್ಲಾಸಿನಲ್ಲಿ ನಿಂತಂತೆ. "ಗ್ಯಾಸ್ ಜೊತೆ ಒಂದು ಹಸಿರು ಬಣ್ಣ ಸೇರಿಸ್ತಾರೆ. ಎಲ್ಲಿ ಸೋರತ್ತೋ ಅಲ್ಲಿ ಅದೂ ಹೊರಗೆ ಬರತ್ತೆ. ಕತ್ತಲಲ್ಲಿ ನೇರಳೆ ಬೆಳಕಿನ ಟಾರ್ಚು ಬಿಟ್ಟು, ಹಳದಿ ಕನ್ನಡಕ ಹಾಕ್ಕೊಂಡು ನೋಡಿದ್ರೆ ಆ ಜಾಗ ಮಾತ್ರ ಫಳಫಳ ಅನ್ನತ್ತೆ. ಬಣ್ಣ ಮೆಕ್ಯಾನಿಕ್ ಹಾಕ್ತಾನೆ. ಟಾರ್ಚು ನಾನು ತರ್ತೀನಿ. ವಾರ ಬಿಟ್ಟು ನೋಡೋದು, ಅಷ್ಟೇ."

"ಬಟ್ಟೆಗೆ ನೀಲಿ ಹಾಕೋದು ಕೇಳಿದ್ದೆ. ಕಾರಿಗೆ ಹಸಿರು ಹಾಕೋದು ಇದೇ ಮೊದಲು," ಎಂದು ಅತ್ತೆ ಎದ್ದು ತಟ್ಟೆಗಳನ್ನು ಒಟ್ಟುಮಾಡಿದರು.

ಸೋಮವಾರ ಬಣ್ಣ ಸೇರಿತು. ವಾರವೆಲ್ಲ ಕಾರು ತಂಪಾಗಿ ಓಡಾಡಿತು. ಮೆಕ್ಯಾನಿಕ್ ಹೇಳಿದ ಮಾತು ಹುಸಿಹೋಗಲಿಲ್ಲ. ಶನಿವಾರ ಮತ್ತೆ ಬಿಸಿಗಾಳಿ. "ಒಳ್ಳೇದೇ ಆಯ್ತು, ಅಂದ್ರೆ ಬಣ್ಣ ಹೊರಗೆ ಬಂದಿದೆ!" ಎಂದು ಮೇಷ್ಟ್ರು ಕೈ ಉಜ್ಜಿಕೊಂಡರು. ಭಾನುವಾರ ಬೆಳಿಗ್ಗೆ ಹುಡುಕಾಟ ಎಂದು ನಿಗದಿಯಾಯಿತು.

ಭಾನುವಾರ ಕಾರನ್ನು ಶೆಡ್ಡಿಗೆ ತಳ್ಳಿ, ಕಿಟಕಿ ಬಾಗಿಲಿಗೆಲ್ಲ ಉಣ್ಣೆ ಕಂಬಳಿ ಇಳಿಬಿಟ್ಟರು. ಹಾಡಹಗಲೇ ಒಳಗೆ ಗವ್ವನೆ ಕತ್ತಲೆ. ಬಾನೆಟ್ ಎತ್ತಿ, ಮೂಗಿನ ಮೇಲೆ ಹಳದಿ ಕನ್ನಡಕ ಏರಿಸಿ, ಮೇಷ್ಟ್ರು ಟಾರ್ಚು ಒತ್ತಿದರು.

ಇಂಜಿನ್ನಿಗೆ ಇಂಜಿನ್ನೇ ಹೊಳೆಯುತ್ತಿತ್ತು. ಪೈಪುಗಳು, ನಟ್ಟುಗಳು, ಬ್ಯಾಟರಿಯ ಮುಚ್ಚಳ, ನೀರಿನ ಡಬ್ಬಿ, ಒಂದನ್ನೂ ಬಿಡದೆ ಎಲ್ಲ ಕಡೆ ಬೆಳಕು ಹರಿದಿತ್ತು.

"ಎಲ್ಲಾ ಕಡೆ ಸೋರ್ತಿದೆ," ಎಂದರು ಮೇಷ್ಟ್ರು, ಸತ್ತವರ ಸುದ್ದಿ ಹೇಳುವ ದನಿಯಲ್ಲಿ.

"ಎಲ್ಲಾ ಕಡೆ ಅಂದ್ರೆ?"

"ಅಂದ್ರೆ ಪೂರ್ತಿ ಬದಲಾಯಿಸಬೇಕು. ಪೈಪು, ತಂಪು ಮಾಡೋ ಕಾಯಿಲ್, ಎಲ್ಲಾ."

ಸೊಸೆ ಅಲ್ಲೇ ಇದ್ದ ಹಳೇ ಟೈರಿನ ಮೇಲೆ ಕುಸಿದಳು. ಅಷ್ಟರಲ್ಲಿ ಚಿನಕುರುಳಿ ಅಪ್ಪನ ಕೈಯಿಂದ ಟಾರ್ಚು ಕಸಿದುಕೊಂಡು ಶೆಡ್ಡಿನ ಸುತ್ತ ಆಡಿಸತೊಡಗಿದ್ದಳು. ಬೆಳಕು ಗೋಡೆ ಹತ್ತಿತು, ಇಳಿಯಿತು, ಬಾಗಿಲ ಬಳಿ ನಿಂತಿದ್ದ ಅಜ್ಜಿಯ ಮೇಲೆ ಬಿತ್ತು. ಅಜ್ಜಿಯ ಬಟ್ಟೆ, ತೋಳು, ಬೆರಳ ಸಂದು, ಎಲ್ಲ ಧಗ್ಗನೆ ಬೆಳಗಿದವು.

"ಅಪ್ಪಾ! ಅಜ್ಜಿನೂ ಸೋರ್ತಿದ್ದಾಳೆ!"

ಮೇಷ್ಟ್ರು ಕನ್ನಡಕ ಕಿತ್ತು ನೋಡಿದರು. ಕನ್ನಡಕ ತೆಗೆದ ಮೇಲೆ ಅದು ಹಸಿರಲ್ಲ, ನೀಲಿ ಬೆರೆತ ಬಿಳುಪು. ಮಗಳ ಕೈ ಹಿಡಿದು ಟಾರ್ಚನ್ನು ಇಂಜಿನ್ನಿನ ಕಡೆ ತಿರುಗಿಸಿದರು. ಅಲ್ಲೂ ಅದೇ ನೀಲಿ ಬಿಳುಪು. ಮೂಲೆಯಲ್ಲಿ ಹೋಟೆಲಿನ ಗಂಟು ಇತ್ತು. ಟಾರ್ಚು ಅತ್ತ ತಿರುಗಿತು. ಗಂಟು ದೀಪದಂತೆ ಹತ್ತಿಕೊಂಡಿತು.

"ಅಮ್ಮಾ," ಎಂದರು ಮೇಷ್ಟ್ರು ಮೆಲ್ಲಗೆ. "ಕಾರಿಗೆ ಏನು ಮಾಡಿದೆ?"

"ಏನೂ ಇಲ್ಲಪ್ಪ. ನಿನ್ನೆ ನೀವೆಲ್ಲ ಹೊರಗೆ ಹೋಗಿದ್ರಲ್ಲ, ಸ್ವಲ್ಪ ತೊಳೆದೆ."

"ಯಾವುದರಲ್ಲಿ?"

"ಇನ್ಯಾವುದರಲ್ಲಿ? ನಮ್ಮ ಬಿಳುಪಿನ ಪುಡಿಯಲ್ಲಿ. ಒಳಗೆಲ್ಲ ಕೈ ಇಡೋಕಾಗದಷ್ಟು ಜಿಡ್ಡು! ನಾಳೆ ಟಾರ್ಚು ಹಾಕಿ ನೋಡ್ತಾರಂತೆ, ಬಟ್ಟೆ ಒಗೆಯೋರ ಮನೆ ಗಾಡಿ ಹೀಗಿದೆಯಾ ಅನ್ನಬಾರದು ಅಂತ ಬ್ರಷ್ ಹಾಕಿ ತಿಕ್ಕಿದೆ. ನಾಲ್ಕು ಸಲ ಪುಡಿ ಹಾಕಬೇಕಾಯ್ತು."

ಮೇಷ್ಟ್ರು ತಲೆಗೆ ಕೈಯಿಟ್ಟುಕೊಂಡರು. "ಬಟ್ಟೆ ಮಿಂಚಲಿ ಅಂತ ಆ ಪುಡಿಗೆ ಏನೋ ಸೇರಿಸಿರ್ತಾರಮ್ಮ. ಈ ಬೆಳಕಿಗೆ ಅದೂ ಹೊಳೆಯತ್ತೆ. ಅದು ಹೋಗ್ಲಿ, ನಿಜವಾದ ಹಸಿರು ಬಣ್ಣ ಎಲ್ಲಿತ್ತೋ ಅದನ್ನೂ ನೀನು ತಿಕ್ಕಿ ತೊಳೆದುಬಿಟ್ಟಿದ್ದೀಯ. ಒಂದು ವಾರ ನೀರಲ್ಲಿ ಹೋಯ್ತು."

ಚಿನಕುರುಳಿ ಬಿದ್ದು ಬಿದ್ದು ನಗುತ್ತಿದ್ದಳು. ಸೊಸೆ ಟೈರಿನಿಂದ ಎದ್ದು ನಿಂತಳು. ಅವಳ ಮುಖ ಕೆಂಪಾಗಿತ್ತು.

"ನಿಮಗೆ ಮೊದಲಿಂದಲೂ ನನ್ನ ಕೇಕು ಆಗಲ್ಲ. ನಾನು ಕ್ಯಾಂಟೀನಿಗೇ ಹೋಗಲಿ ಅಂತಾನೇ ತೊಳೆದ್ರಿ!"

ಶೆಡ್ಡಿನಲ್ಲಿ ನಗು ನಿಂತಿತು. ಅತ್ತೆ ಬಾಗಿಲಿನ ಕಂಬಳಿ ಸರಿಸಿ ಹಿತ್ತಿಲಿಗೆ ನಡೆದರು. ಆ ಮಾತು ಬಾಯಿಂದ ಜಾರಿದ ಕೂಡಲೇ ಸೊಸೆಗೆ ನಾಲಿಗೆ ಕಚ್ಚಿಕೊಳ್ಳುವಂತಾಯಿತು. ಆದರೆ ಸಿಟ್ಟಿನ ಕಾವು ಇನ್ನೂ ಇಳಿದಿರಲಿಲ್ಲ, ಅವಳೂ ಹಿಂದೆ ಹೋಗಲಿಲ್ಲ.

ಮೂರು ದಿನ ಅತ್ತೆ ಸೊಸೆಯರ ನಡುವೆ ಮಾತು ಬಂದ್. ಅಂಚೆ ಕೆಲಸ ಚಿನಕುರುಳಿಯ ಪಾಲಿಗೆ ಬಂತು. ಅವಳು ಅದನ್ನು ಮನಸಾರೆ ಅನುಭವಿಸಿದಳು.

"ಅಮ್ಮಾ, ಅಜ್ಜಿ ಕೇಳ್ತಿದ್ದಾಳೆ, ಉಪ್ಪಿನ ಡಬ್ಬಿ ಎಲ್ಲಿ ಅಂತ."

"ಓವನ್ ಹಿಂದೆ ಇದೆ ಅಂತ ಹೇಳು."

"ಅಜ್ಜಿ, ಓವನ್ ಹಿಂದೆ ಇದೆಯಂತೆ. ಸಿಟ್ಟಲ್ಲಿ ಜಾಸ್ತಿ ಹಾಕಬೇಡ ಅಂತಲೂ ಅಂದ್ಲು."

"ನಾನೆಲ್ಲೇ ಹಾಗಂದೆ?" ಎಂದು ಸೊಸೆ ಅಡುಗೆಮನೆಯಿಂದ ಕೂಗಿದಳು.

ಆದರೆ ಕೆಲಸ ಯಾವುದೂ ನಿಲ್ಲಲಿಲ್ಲ. ಸೋಮವಾರ ಬೆಳಿಗ್ಗೆ ಸೊಸೆ ಕೇಕಿನ ಅಳತೆ ತೆಗೆಯುತ್ತ ಕಿಟಕಿಯಲ್ಲಿ ನೋಡಿದರೆ, ಅತ್ತೆ ಶೆಡ್ಡಿನಲ್ಲಿ ಬಗ್ಗಿ ಇಂಜಿನ್ನನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದರು. ಒಂದು ಬಕೆಟ್ ನೀರು ಚೆಲ್ಲಿ ಇನ್ನೊಂದು ತಂದರು, ಅದನ್ನೂ ಚೆಲ್ಲಿ ಮತ್ತೊಂದು. ಬಟ್ಟೆ ಜಾಲಿಸುವಂತೆಯೇ ಲೆಕ್ಕ ಹಾಕಿ ಮೂರು ನೀರು. ನಡುನಡುವೆ ಸೊಂಟ ಹಿಡಿದುಕೊಂಡು ನೇರವಾಗುತ್ತಿದ್ದರು. ಸೊಸೆಗೆ ಓಡಿಹೋಗಿ ಬಟ್ಟೆ ಕಸಿದುಕೊಳ್ಳಬೇಕು ಅನಿಸಿತು. ಆದರೆ ಮೊದಲ ಮಾತು ಏನಾಡಬೇಕು ಎಂದು ಹೊಳೆಯದೆ ನಿಂತಲ್ಲೇ ನಿಂತಳು.

ಬುಧವಾರ ಬೆಳಿಗ್ಗೆ ಎಲ್ಲರೂ ಬ್ರೆಡ್ಡು ಮೊಟ್ಟೆ ತಿನ್ನುತ್ತಿದ್ದಾಗ ಅತ್ತೆ, ಯಾರ ಮುಖವನ್ನೂ ನೋಡದೆ, ಟೀ ಲೋಟದ ಜೊತೆ ಮಾತಾಡುವಂತೆ ಶುರುಮಾಡಿದರು.

"ಕಲೆ ಹುಡುಕೋದು ನನ್ನ ಕಸುಬು. ನಲವತ್ತು ವರ್ಷ ಅದನ್ನೇ ಮಾಡಿದ್ದೀನಿ. ಕಲೆ ಯಾವಾಗಲೂ ಮಡಿಕೆಯ ಒಳಗೆ, ಹೊಲಿಗೆಯ ಕೆಳಗೆ ಇರತ್ತೆ. ಟಾರ್ಚು ಹಿಡಿದು ಮೇಲಿಂದ ಇಣುಕಿದ್ರೆ ಸಿಗಲ್ಲ. ಪ್ರತಿ ಸಂದಿಗೂ ಒಂದೊಂದು ಬಟ್ಟೆ ಸುತ್ತಬೇಕು. ಸೋರಿದ್ದನ್ನ ಬಟ್ಟೆ ಕುಡಿಯತ್ತೆ. ಆಮೇಲೆ ಬಿಚ್ಚಿ ಬಟ್ಟೆ ನೋಡಿದ್ರಾಯ್ತು."

ಮೇಷ್ಟ್ರು ಬ್ರೆಡ್ಡು ಬಾಯಿಗೆ ಹಾಕುವುದನ್ನು ಮರೆತರು. "ಯಾವ ಬಟ್ಟೆ ಯಾವ ಸಂದಿದು ಅಂತ ಹೇಗೆ ಗೊತ್ತಾಗತ್ತೆ?"

"ಹನ್ನೊಂದು ಹೋಟೆಲಿನ ಬಟ್ಟೆ ಒಂದೇ ಮಷೀನಿಗೆ ಹಾಕ್ತೀನಿ. ಒಂದು ದಿನ ಅದಲುಬದಲು ಆಗಿದೆಯಾ? ನಂಬರ್ ಬರೀತೀನಿ. ನೀನು ಲೆಕ್ಕದ ಮೇಷ್ಟ್ರು ಅಂತ ಹೊರಗೆ ಹೇಳಬೇಡ."

ಉಪಾಯ ಚೆನ್ನಾಗಿತ್ತು. ತೊಡಕು ಒಂದೇ. ಟಾರ್ಚಿಗೆ ಹೊಳೆಯದಂಥ ಬಟ್ಟೆ ಬೇಕು, ಇದು ನೋಡಿದರೆ ಬಿಳುಪಿನ ಪುಡಿಯಲ್ಲೇ ಮುಳುಗಿ ಎದ್ದ ಮನೆ. ಮೇಷ್ಟ್ರು, ಚಿನಕುರುಳಿ ಇಬ್ಬರೂ ಪರದೆ ಎಳೆದು ಕೋಣೆ ಕೋಣೆ ಜಾಲಾಡಿದರು. ದಿಂಬಿನ ಚೀಲ ಹೊಳೆಯಿತು, ಟವೆಲು ಹೊಳೆಯಿತು, ಮೇಷ್ಟ್ರ ಬನಿಯನ್ನು ಹೊಳೆಯಿತು, ಕಾಲೊರೆಸುವ ಚಿಂದಿಯೂ ಹೊಳೆಯಿತು. ಅಂಗಡಿಯಿಂದ ಹೊಸ ಬಿಳಿ ಬಟ್ಟೆ ತಂದರೆ ಅದು ಎಲ್ಲಕ್ಕಿಂತ ಜೋರಾಗಿ ಹೊಳೆಯಿತು. ಮೇಷ್ಟ್ರು ಕೈಚೆಲ್ಲಿ ಕೂತರು.

ಅತ್ತೆ ತಮ್ಮ ಮಂಚದ ಕೆಳಗಿನ ಟ್ರಂಕು ಎಳೆದು, ತಳದಿಂದ ಒಂದು ಗಂಟು ತೆಗೆದು, ಸೊಸೆಯ ಮುಂದೆ ಇಟ್ಟರು. ಒಳಗೆ ಮೆತ್ತಗಿನ ಸಣ್ಣ ಸಣ್ಣ ಹತ್ತಿ ಬಟ್ಟೆಗಳು, ನಾಲ್ಕಾಗಿ ಮಡಿಸಿದ್ದವು. ಟಾರ್ಚು ಬಿಟ್ಟರೆ ಒಂದೂ ಮಿನುಗಲಿಲ್ಲ.

"ಇವು..." ಸೊಸೆ ಒಂದನ್ನು ಕೈಗೆತ್ತಿಕೊಂಡಳು. "ಇವು ಚಿನಕುರುಳಿ ಕೂಸಾಗಿದ್ದಾಗಿನ ಬಟ್ಟೆ ಅಲ್ವಾ ಅತ್ತೆ? ಕೆಳಗೆ ಕಟ್ತಿದ್ವಲ್ಲ?"

"ಹೂಂ. ಹುಟ್ಟಿದ ಎರಡನೇ ವಾರ ಪುಡಿ ಹಾಕಿ ಒಗೆದಿದ್ದಕ್ಕೆ ಮೈಯೆಲ್ಲ ಕೆಂಪಾಗಿತ್ತು ಇದಕ್ಕೆ. ಅವನ್ನೆಲ್ಲ ಎಸೆದು ಹೊಸದು ಹರಿದೆ. ಆಮೇಲಿಂದ ಬರೀ ಮೈಸೋಪಲ್ಲಿ, ಬೇರೆ ಬಕೆಟ್ಟಲ್ಲಿ, ಕೈಯಲ್ಲೇ ಒಗೀತಿದ್ದೆ. ಒಂದೂವರೆ ವರ್ಷ."

"ನನಗೆ ಹೇಳ್ಲೇ ಇಲ್ಲ?"

"ಆಗ ನೀನೇ ಎದ್ದು ಕೂರೋ ಸ್ಥಿತಿಯಲ್ಲಿ ಇರಲಿಲ್ಲ. ನಿನಗೊಂದು ಗಾಬರಿ ಯಾಕೆ ಅಂತ ಸುಮ್ಮನಾದೆ."

ಸೊಸೆ ಕೈಯಲ್ಲಿದ್ದ ಬಟ್ಟೆಯನ್ನು ಬಿಡಿಸಿ, ಮತ್ತೆ ನಾಲ್ಕಾಗಿ ಮಡಿಸಿದಳು. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದು, ಒಂದೇ ಕಾರಿಗೆ ಕಿತ್ತಾಡಿ, ಇದೊಂದು ಗೊತ್ತೇ ಇರಲಿಲ್ಲವಲ್ಲ ಅನಿಸಿತು.

"ಅವತ್ತು ಶೆಡ್ಡಲ್ಲಿ ನಾನು ಹಾಗೆ ಅನ್ನಬಾರದಿತ್ತು ಅತ್ತೆ."

"ಅಂದಿದ್ದು ಆಯ್ತು. ನಾನೂ ತೊಳೀಬಾರದಿತ್ತು, ತೊಳೆದಿದ್ದೂ ಆಯ್ತು. ಕತ್ತರಿ ಕೊಡು."

ಚಿನಕುರುಳಿಗೆ ವಿಷಯ ತಲೆಗೆ ಹೋಗಲು ಸ್ವಲ್ಪ ಹೊತ್ತು ಹಿಡಿಯಿತು. ಹೋದ ಮೇಲೆ ಮನೆ ಹಾರಿಹೋಗುವಂತೆ ಕಿರುಚಿದಳು.

"ನನ್ನ ಉಚ್ಚೆ ಬಟ್ಟೆ ಕಾರಿಗೆ ಕಟ್ತೀರಾ? ನನ್ನ ಫ್ರೆಂಡ್ಸ್ ನೋಡಿದ್ರೆ ನಾನು ಸ್ಕೂಲಿಗೆ ಹೋಗಲ್ಲ!"

"ನೀನು ಸೋರ್ತಿದ್ದಾಗಲೂ ಇದನ್ನೇ ಕಟ್ತಿದ್ದೆ," ಎಂದರು ಅಜ್ಜಿ. "ನಿನಗಿಂತ ಈ ಕಾರು ಎಷ್ಟೋ ವಾಸಿ."

ಅಂದೇ ಸಂಜೆ ಮತ್ತೆ ಗ್ಯಾಸು, ಹಸಿರು ಬಣ್ಣ ತುಂಬಿಸಿ ತಂದರು. ಗುರುವಾರ ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗಲೇ ಪಟ್ಟಿಗಳನ್ನು ಕಟ್ಟುವ ಕೆಲಸ ನಡೆಯಿತು. ಎಸಿ ಪೈಪು ಹೋದ ದಾರಿಯನ್ನು ಮೇಷ್ಟ್ರು ಬೆರಳಿಟ್ಟು ತೋರಿಸಿದರು. ಬೆಲ್ಟು, ಫ್ಯಾನಿನ ಹತ್ತಿರ ಕೈಹಾಕಲು ಬಿಡಲಿಲ್ಲ. ಅತ್ತೆ ಸಂದಿಗೊಂದು ಪಟ್ಟಿ ಬಿಗಿದು, ಗುರುತಿನ ಶಾಯಿಯಲ್ಲಿ ನಂಬರು ಬರೆದರು. ಒಟ್ಟು ಒಂಬತ್ತು. ಗುರುವಾರ, ಶುಕ್ರವಾರ ಎರಡೂ ದಿನ ಕಾರನ್ನು ಅಂಗಳದಲ್ಲೇ ನಿಲ್ಲಿಸಿ, ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಎಸಿ ಹಾಕಿಟ್ಟರು. ಹೋಟೆಲಿನ ಗಂಟುಗಳು ತಳ್ಳುಗಾಡಿಯಲ್ಲಿ ಹೋದವು.

ಎಸಿ ಸುಮ್ಮನೆ ಓಡಿ ಯಾಕೆ ಹಾಳಾಗಬೇಕು ಎಂದು ಚಿನಕುರುಳಿ ತನ್ನ ತಟ್ಟೆ ಹಿಡಿದು ಕಾರಿನೊಳಗೆ ಕೂತಳು. ಅವಳ ಹಿಂದೆಯೇ ಮೇಷ್ಟ್ರು ಹೋಗಿ ಕೂತರು. ಶುಕ್ರವಾರ ಸಂಜೆಯ ಹೊತ್ತಿಗೆ ನಾಲ್ವರೂ ನಿಂತ ಕಾರಿನೊಳಗೆ ಕೂತು, ಮಡಿಲಲ್ಲಿ ತಟ್ಟೆ ಇಟ್ಟುಕೊಂಡು ಊಟ ಮಾಡುತ್ತಿದ್ದರು. ಪಕ್ಕದ ಮನೆಯಾತ ಗೋಡೆಯ ಮೇಲಿಂದ ಇಣುಕಿದ.

"ಎಲ್ಲಿಗೆ ಹೊರಟ್ರಿ ಮೇಷ್ಟ್ರೇ?"

"ಎಲ್ಲಿಗೂ ಇಲ್ಲ. ಊಟ ಮಾಡ್ತಿದ್ದೀವಿ."

"ಮನೆ ಇದೆಯಲ್ಲ?"

"ಅಲ್ಲಿ ಸೆಕೆ!" ಎಂದು ನಾಲ್ವರೂ ಒಂದೇ ಉಸಿರಿಗೆ ಕೂಗಿದರು. ಸೊಸೆ ಅಷ್ಟು ನಕ್ಕು ಎಷ್ಟು ದಿನವಾಗಿತ್ತೋ. ಆಲೂಗಡ್ಡೆ ಗೇರಿನ ಮೇಲೆ ಬಿತ್ತು. ಅತ್ತೆ ಅದನ್ನೂ ಒರೆಸಿದರು.

ಶನಿವಾರ ಮತ್ತೆ ಶೆಡ್ಡು, ಕಂಬಳಿ, ಕತ್ತಲೆ. ಅತ್ತೆ ಒಂದೊಂದೇ ಪಟ್ಟಿ ಬಿಚ್ಚಿ ಕೊಟ್ಟರು, ಮೇಷ್ಟ್ರು ಟಾರ್ಚು ಹಿಡಿದರು. ಒಂದು, ಏನೂ ಇಲ್ಲ. ಎರಡು, ಇಲ್ಲ. ಮೂರು, ನಾಲ್ಕು, ಐದು, ಬರೀ ಧೂಳು. ಸೊಸೆ ಬೆರಳಿಗೆ ಬೆರಳು ಹೆಣೆದುಕೊಂಡು ನಿಂತಿದ್ದಳು. ಆರನೆಯದು ಮುಂಭಾಗದ ಜಾಲರಿಯ ಕೆಳಗೆ, ತಗಡಿನ ಮರೆಯಲ್ಲಿದ್ದ ಸಂದಿನದು. ಅದನ್ನು ಕಟ್ಟಲು ಅತ್ತೆ ನೆಲದ ಮೇಲೆ ಮಲಗಬೇಕಾಗಿತ್ತು. ಬಟ್ಟೆ ಬಿಡಿಸಿದರು. ನಡುಮಧ್ಯದಲ್ಲಿ, ಬಟಾಣಿ ಗಾತ್ರದ ಎಳೆ ಹಸಿರು ಚುಕ್ಕೆ. ಕತ್ತಲೆಯಲ್ಲಿ ಅದು ಎಷ್ಟು ಚೆನ್ನಾಗಿ ಬೆಳಗಿತೆಂದರೆ ಯಾರಿಗೂ ಕನ್ನಡಕ ಬೇಕಾಗಲಿಲ್ಲ.

"ಸಿಕ್ತು!" ಎಂದು ಚಿನಕುರುಳಿ ಜಿಗಿದು ಬಾನೆಟ್ಟಿಗೆ ತಲೆ ಬಡಿಸಿಕೊಂಡಳು. ಸೊಸೆ ಯೋಚನೆಯನ್ನೇ ಮಾಡದೆ ಅತ್ತೆಯನ್ನು ಬಾಚಿ ತಬ್ಬಿಕೊಂಡಳು. ಅತ್ತೆ ಕೈಯಲ್ಲಿದ್ದ ಪಟ್ಟಿಯನ್ನು ಮಾತ್ರ ಎತ್ತರಕ್ಕೆ ಹಿಡಿದರು. "ನೋಡ್ಕೊಂಡೇ, ಕಲೆ ಹತ್ತತ್ತೆ!"

ಜಾಗ ತೋರಿಸಲೆಂದು ಆರನೇ ಪಟ್ಟಿಯನ್ನು ಮತ್ತೆ ಅಲ್ಲೇ ಗಂಟು ಹಾಕಿ ಸೋಮವಾರ ಗ್ಯಾರೇಜಿಗೆ ಹೋದರು. ಮೆಕ್ಯಾನಿಕ್ ಕೆಳಗೆ ತೂರಿ, ನಂಬರು ಬರೆದ ಆ ಪುಟ್ಟ ಬಟ್ಟೆಯನ್ನು ನೋಡಿ, ತಲೆ ಹೊರಗೆ ಹಾಕಿದ.

"ಕೂಸಿಗೆ ಎಷ್ಟು ತಿಂಗಳಾಯ್ತಮ್ಮ?"

"ಹತ್ತು ವರ್ಷದ ಕೂಸು. ಇನ್ನೂ ಅಭ್ಯಾಸ ಬಿಟ್ಟಿಲ್ಲ," ಎಂದರು ಅತ್ತೆ. ಗ್ಯಾರೇಜಿಗೆ ಗ್ಯಾರೇಜೇ ನಕ್ಕಿತು.

ಅವನು ನಟ್ಟು ಬಿಚ್ಚಿ ಒಂದು ಸಣ್ಣ ರಬ್ಬರ್ ಉಂಗುರ ತೆಗೆದು ಸೊಸೆಯ ಅಂಗೈಗೆ ಹಾಕಿದ. ಕಿರುಬೆರಳಿಗೂ ಸಾಲದಷ್ಟು ಸಣ್ಣದು, ಒಣಗಿ ಸೀಳಿತ್ತು. ಹೊಸದರ ಬೆಲೆ ಒಂದು ಟೀಯದು. ಅದನ್ನು ಕೂರಿಸಿ, ಗ್ಯಾಸು ತುಂಬಿ, ಅವನೂ ಗಂಭೀರನಾದ. "ಡ್ಯಾಶ್‌ಬೋರ್ಡ್ ಒಳಗೆ ಬೇರೇನಾದ್ರೂ ಇದ್ರೆ ನಾನು ಹೇಳಕ್ಕಾಗಲ್ಲ. ಹಿಂದೆ ಎಷ್ಟು ದಿನಕ್ಕೆ ಖಾಲಿ ಆಗ್ತಿತ್ತು?"

"ಐದಾರು ದಿನಕ್ಕೆ."

"ಹಾಗಿದ್ರೆ ಆರು ದಿನ ಕಾದು ನೋಡಿ."

ಸೋಮವಾರದಿಂದ ಆರು ದಿನ ಕಳೆದರೆ ಮದುವೆಯ ದಿನ. ಆ ವಾರ ಸೊಸೆ ಓವನ್ನಿಗೂ ಕಾರಿಗೂ ನಡುವೆ ಓಡಾಡಿದಳು. ಕೇಕಿನ ತಳ ಬೇಯಿಸಿ ಬಂದು ಎಸಿಗೆ ಕೈಯೊಡ್ಡುವಳು, ಸಕ್ಕರೆಯ ಹೂವಿನ ಎಸಳು ತಿದ್ದಿ ಬಂದು ಮತ್ತೆ ಕೈಯೊಡ್ಡುವಳು. ಗುರುವಾರ ತಂಪಿತ್ತು. ಶುಕ್ರವಾರ ತಂಪಿತ್ತು. ಶನಿವಾರ, ಹಿಂದೆ ಬಿಸಿಗಾಳಿ ಬಂದಿದ್ದ ವಾರವೇ, ಅವಳು ಕಣ್ಣು ಮುಚ್ಚಿಕೊಂಡು ಗುಂಡಿ ಒತ್ತಿದಳು. ತಂಪಿತ್ತು.

ಭಾನುವಾರ ಬೆಳಿಗ್ಗೆ ಹತ್ತಕ್ಕೇ ರಸ್ತೆ ಕಾದ ಕಾವಲಿಯಾಗಿತ್ತು. ಕೆಳಗಿನ ಅಂತಸ್ತಿನ ಡಬ್ಬ ಡಿಕ್ಕಿಗೆ ಹಿಡಿಸಲಿಲ್ಲ. ಸೀಟು ಮಡಿಸಿ ಮೂರೂ ಡಬ್ಬಗಳನ್ನು ಒಳಗೇ ಇಟ್ಟಾಗ ಉಳಿದದ್ದು ಮೊಣಕಾಲು ಮಡಿಸಿ ಕೂರುವಷ್ಟು ಜಾಗ. ತಿರುವುಗಳಲ್ಲಿ ನಡುವಿನ ಅಂತಸ್ತು ಜಾರದಂತೆ ಯಾರಾದರೂ ಹಿಡಿದುಕೊಳ್ಳಲೇಬೇಕಿತ್ತು. ಮೇಷ್ಟ್ರ ಕಾಲು ಉದ್ದ. ಚಿನಕುರುಳಿ ಒಂದು ಕಡೆ ಕೂರುವವಳಲ್ಲ.

"ಸರೀರಿ," ಎಂದು ಅತ್ತೆ ತೂರಿಕೊಂಡು ಕೂತರು. ಕ್ರೀಮಿನ ಕಡೆಗೆಂದು ತಿರುಗಿಸಿದ್ದ ಎಸಿಯ ಎರಡೂ ಕಿಂಡಿಗಳು ಅವರ ಎದೆಗೆ ನೇರವಾಗಿದ್ದವು. ಮೇಷ್ಟ್ರು, ಮಗಳು ಬಸ್ಸಿಗೆ ಹೋದರು.

ಸೊಸೆ ಎಸಿಯನ್ನು ಕೊನೆಯ ಗೆರೆಗೆ ತಿರುಗಿಸಿದಳು. ಒಂದೂವರೆ ಗಂಟೆ ದಾರಿ. ಎದುರಿಗೆ ರಸ್ತೆ ಬಿಸಿಲಿಗೆ ನಡುಗುತ್ತಿತ್ತು. ಹಿಂದಿನಿಂದ ಮಾತೇ ಇಲ್ಲ. ಅತ್ತೆ ಇಷ್ಟು ಹೊತ್ತು ಸುಮ್ಮನಿದ್ದವರೇ ಅಲ್ಲ. ತನ್ನ ಡ್ರೈವಿಂಗ್ ಹಿಡಿಸಲಿಲ್ಲವೋ, ಹಳೇ ಮಾತಿನ ನೋವು ಇನ್ನೂ ಉಳಿದಿದೆಯೋ ಎಂದು ಸೊಸೆಗೆ ಕಸಿವಿಸಿಯಾಯಿತು.

"ಸರಿ ಇದ್ದೀರಾ ಅತ್ತೆ?"

"ನೀನು ರಸ್ತೆ ನೋಡು."

ಅರ್ಧ ಗಂಟೆ ಬಿಟ್ಟು ಮತ್ತೆ ಕೇಳಿದಳು. ಮತ್ತೆ ಅದೇ ಉತ್ತರ, ಇನ್ನೂ ಚಿಕ್ಕದಾಗಿ. "ರಸ್ತೆ."

ಸಭಾಂಗಣದಲ್ಲಿ ಸೊಸೆ ಡಬ್ಬಗಳ ಮುಚ್ಚಳ ಒಂದೊಂದಾಗಿ ತೆಗೆದಳು. ಕ್ರೀಮಿನ ಅಂಚು ಚಾಕುವಿನಲ್ಲಿ ಕೊಯ್ದಂತೆ ನೆಟ್ಟಗಿತ್ತು. ಹೂವಿನ ಒಂದು ಎಸಳೂ ತಲೆ ಬಾಗಿಸಿರಲಿಲ್ಲ. ಅಂತಸ್ತಿನ ಮೇಲೆ ಅಂತಸ್ತು ಏರಿ ಕೇಕು ಪೂರ್ತಿ ನಿಂತಾಗ ಕುರ್ಚಿ ಜೋಡಿಸುತ್ತಿದ್ದವರು ಕೆಲಸ ಬಿಟ್ಟು ಬಂದು ನೋಡಿದರು. ಮ್ಯಾನೇಜರಮ್ಮ ಮೇಜಿನ ಸುತ್ತ ಎರಡು ಸುತ್ತು ಬಂದು, ಡೈರಿ ತರಲು ಆಫೀಸಿಗೆ ಹೋದರು. ಸೊಸೆಗೆ ಒಮ್ಮೆಲೇ ಕೂಗಿಬಿಡಬೇಕು ಅನಿಸಿತು. ಯಾರಿಗೆ ಹೇಳಲಿ ಎಂದು ತಿರುಗಿದರೆ ಅತ್ತೆ ಇಲ್ಲ.

ಕಾರಿನಲ್ಲಿ ಇರಲಿಲ್ಲ. ಕೈತೊಳೆಯುವ ಕಡೆ ಇರಲಿಲ್ಲ. ಕೊನೆಗೆ ಕಂಡದ್ದು ಹೊರಗೆ, ನೆತ್ತಿ ಸುಡುವ ಬಿಸಿಲಿನಲ್ಲಿ. ಊರಿಗೆ ಊರೇ ನೆರಳು ಹುಡುಕುತ್ತಿದ್ದ ಹೊತ್ತಿನಲ್ಲಿ ಅತ್ತೆ ಕಾದ ಕಲ್ಲಿನ ಮೆಟ್ಟಿಲ ಮೇಲೆ ಕೂತು, ಎರಡೂ ಅಂಗೈಗಳನ್ನು ಕಲ್ಲಿಗೆ ಒತ್ತಿಕೊಂಡಿದ್ದರು. ತುಟಿ ನೀಲಿಗಟ್ಟಿತ್ತು. ಹಲ್ಲು ಕಟಕಟ ಎನ್ನುತ್ತಿತ್ತು.

ಸೊಸೆ ಓಡಿಹೋಗಿ ಕೈ ಹಿಡಿದಳು. ಮಂಜುಗಡ್ಡೆ.

"ಅಯ್ಯೋ ಅತ್ತೆ! ಚಳಿ ಆಗ್ತಿದೆ ಅಂತ ಒಂದು ಮಾತು ಹೇಳಬಾರದಿತ್ತಾ?"

"ಹೇ... ಹೇಳಿದ್ರೆ ನೀನು ಎಸಿ ಕಡಿಮೆ ಮಾಡ್ತಿದ್ದೆ."

ಸೊಸೆ ಪಕ್ಕದಲ್ಲೇ ಬಿಸಿ ಮೆಟ್ಟಿಲ ಮೇಲೆ ಕೂತು, ಸೋಡಾಪುಡಿಗೆ ಒಡೆದು ಒರಟಾಗಿದ್ದ ಆ ಕೈಗಳನ್ನು ತನ್ನ ಕೈಯೊಳಗಿಟ್ಟು ಉಜ್ಜತೊಡಗಿದಳು. ಕಣ್ಣಿಂದ ನೀರು ಇಳಿಯುತ್ತಲೇ ಇತ್ತು. ಒರೆಸಿಕೊಳ್ಳಲು ಕೈಗೆ ಬಿಡುವಿರಲಿಲ್ಲ.

"ಕೇಕು ಹೇಗಿದೆ?" ಎಂದರು ಅತ್ತೆ.

"ನಿಂತಿದೆ ಅತ್ತೆ. ನೆಟ್ಟಗೆ ನಿಂತಿದೆ."

ಮ್ಯಾನೇಜರಮ್ಮ ಡೈರಿ ಹಿಡಿದು ಬಾಗಿಲಿಗೆ ಬಂದವರು, ಉರಿಬಿಸಿಲಲ್ಲಿ ಕೂತ ಇಬ್ಬರನ್ನೂ ಕಂಡು ವಿಚಿತ್ರವಾಗಿ ನೋಡಿದರು. "ಮುಂದಿನ ತಿಂಗಳು ನಾಲ್ಕು ಮದುವೆ ಇವೆ. ಬಿಸಿಲು ಇನ್ನೂ ಜಾಸ್ತಿ ಇರತ್ತೆ. ನಾಲ್ಕೂ ನಿಮ್ಮ ಕೈಯಲ್ಲಿ ಆಗತ್ತಾ?"

ಸೊಸೆ ಬಾಯಿ ತೆರೆಯುವ ಮೊದಲೇ ಅತ್ತೆ ಕತ್ತೆತ್ತಿದರು.

"ಆಗತ್ತೆ, ಬರ್ಕೊಳ್ಳಿ," ಎಂದರು, ಹಲ್ಲು ಕಟಕಟಿಸುತ್ತಲೇ. "ನಾನೊಂದು ಸ್ವೆಟರ್ ತರ್ತೀನಿ."